ಶೆಗಡಿಯ ಕೆಂಡ, ಮುಚ್ಚಿದ ಬಾಗಿಲು

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ ಕಡೆ ಚಳಿ ಬಿಗಿಯುತ್ತದೆ. ಕಬ್ಬು ಕಡಿಯುವವರು ಗುಡಿಸಲ ಮುಂದೆ ರವದಿಗೆ ಬೆಂಕಿ ಹಚ್ಚಿ ಕೂಡುತ್ತಾರೆ. ಊರೊಳಗೆ ಅಜ್ಜನ ಹೊರಸಿನ ಪಕ್ಕ, ಬಾಣಂತಿಯ ಖೋಲಿಯಲ್ಲಿ ಶೆಗಡಿ ಹೊತ್ತಿಕೊಳ್ಳುತ್ತದೆ.

ನನಗೆ ಹೆಚ್ಚು ಭಯ ಈ ಬಾಣಂತಿ ಖೋಲಿಯದು. ಹೊರಸಿನ ಕೆಳಗೆ ಶೆಗಡಿ ಸರಿಸಿ, ಕೆಂಡದ ಮೇಲೆ ಅಜವಾನ ಚೆಲ್ಲಿ, ಕಿಟಕಿಗೆ ಗೋಣಿಚೀಲ ಬಿಗಿಯುತ್ತಾರೆ. ‘ಬಾಗಿಲಾ ತೆರೀಬ್ಯಾಡ, ಕೂಸಿಗೆ ಥಂಡಿ ಬಡೀತದ’ ಎನ್ನುವ ಅತ್ತೆಯ ಮಾತಿನಲ್ಲಿರುವುದು ಅಕ್ಕರೆಯೇ. ಆದರೆ ಹೊರಸಿನಿಂದ ಜೋತುಬಿದ್ದ ಕೌದಿಯ ಅಂಚು ಕೆಂಡಕ್ಕೆ ಗೇಣು ದೂರದಲ್ಲಿರುತ್ತದೆ. ಬೆಂಕಿ ಹತ್ತದಿದ್ದರೂ ಗಂಡಾಂತರ ತಪ್ಪಿದ್ದಲ್ಲ. ಗಾಳಿ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹೊಗೆ ನಿಂತು ಕೆಂಡ ನಿಗಿನಿಗಿ ಎನ್ನುವಾಗಲೂ ಅದು ಬರುತ್ತಲೇ ಇರುತ್ತದೆ. ಮೊದಲು ತಲೆಭಾರ, ಓಕರಿಕೆ, ಆಮೇಲೆ ಮಂಪರು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಮೂವರು ಯುವಕರು ಖೋಲಿಯೊಳಗೆ ಇದ್ದಿಲು ಹೊತ್ತಿಸಿ ಮಲಗಿ, ಉಸಿರುಗಟ್ಟಿ ತೀರಿಕೊಂಡರು. ದುಡಿಯುವ ವಯಸ್ಸಿನವರ ಗತಿಯೇ ಹೀಗಾದರೆ ಹಸುಗೂಸಿನ ಗತಿಯೇನು?

ರಬಕವಿ-ಬನಹಟ್ಟಿಯ ನೇಕಾರರ ಮನೆಗಳದು ಇನ್ನೊಂದು ಕಷ್ಟ. ಎಷ್ಟೋ ಮನೆಗಳಲ್ಲಿ ಮಗ್ಗದ ಪಕ್ಕದಲ್ಲೇ ಊಟ, ನಿದ್ದೆ. ಗೋಡೆಗೆ ನೂಲಿನ ಲಡಿ, ಮೂಲೆಯಲ್ಲಿ ನೇಯ್ದ ಸೀರೆ, ಮಗ್ಗದ ಕೆಳಗೆ ಹತ್ತಿಯ ಧೂಳು. ಅಂಥ ಖೋಲಿಗೆ ಶೆಗಡಿಯೂ ಬೇಡ, ಹೀಟರೂ ಬೇಡ. ಇನ್ನೊಂದು ಕೌದಿ ಹೊದೆಯುವುದೇ ಲೇಸು. ಬೇರೆ ಖೋಲಿಯಲ್ಲಿ ಹೀಟರ್ ಇಡುವವರು ಪ್ಲಗ್ಗಿನ ಕಡೆ ನೋಡಲಿ. 2000 ವ್ಯಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜಿಗಿಡುವ 6 ಆಂಪಿಯರ್ ಸಾಕೆಟ್ಟಿಗೆ ಅದು ತಾಳಲಾಗದ ಹೊರೆ. ವೈರು ಕಾದು, ಕರಗಿ, ಕಿಡಿ ಹಾರುತ್ತದೆ. 16 ಆಂಪಿಯರ್ ಸಾಕೆಟ್ಟೇ ಬೇಕು. ಬಟ್ಟೆ, ಹಾಸಿಗೆ ಕನಿಷ್ಠ 1 ಮೀಟರ್ ದೂರವಿರಲಿ.

ಕೂಸಿಗೆ ಬೇಕಾದ ಕಾವು ತಾಯಿಯ ಮೈಯಲ್ಲೇ ಇದೆ. ಕುಲಾಯಿ ತೊಡಿಸಿ, ಎದೆಗವಚಿ, ಇಬ್ಬರಿಗೂ ಸೇರಿಸಿ ಹೊದಿಸಿ ಎಂದೇ ವೈದ್ಯರೂ ಹೇಳುತ್ತಾರೆ. ಹಿರಿಯರ ಮನಸ್ಸಿಗೆ ಶೆಗಡಿ ಬೇಕೇ ಬೇಕೆಂದರೆ ಎಲ್ಲರೂ ಎಚ್ಚರವಿದ್ದಾಗ, ಕಿಟಕಿ ತೆರೆದು, ಹೊರಸಿನಿಂದ ದೂರ ಇಡಿ. ಮಲಗುವ ಮುನ್ನ ಅಂಗಳಕ್ಕೊಯ್ದು ನೀರು ಸುರಿಯಿರಿ. ಬಾಣಂತಿ ತಲೆನೋವು ಎಂದರೆ ದೃಷ್ಟಿ ತೆಗೆಯುತ್ತ ಕೂಡಬೇಡಿ. ಮೊದಲು ತಾಯಿ-ಕೂಸನ್ನು ಹೊರಗೆ ಕರೆತನ್ನಿ, ಬಾಗಿಲು ತೆರೆದಿಡಿ, 108ಕ್ಕೆ ಫೋನ್ ಮಾಡಿ.