ಮೂರು ಸುತ್ತಿನ ಪಣ: ಗುಂಡಿಗೆಯ ಮಾತಲ್ಲ, ಲೆಕ್ಕದ ಮಾತು

ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ. ಮೇಜಿನ ಮೇಲೆ ಮೊದಲು ಮೂರು ಎಲೆ ಬಿಚ್ಚಿದರೆ ಅದು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಈ ಮೂರೂ ಸುತ್ತಿನಲ್ಲಿ ಬಿಡದೆ ಪಣ ಒಡ್ಡುತ್ತ ಹೋಗುವ ಆಟದ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆಯದರ ಬಗ್ಗೆ ಇಲ್ಲ.

ತಪ್ಪು ಕಲ್ಪನೆ: ಎಲೆ ಏನೇ ಇರಲಿ, ಎದೆಗಾರಿಕೆ ಇದ್ದರೆ ಸಾಕು.

ಸತ್ಯ: ಇದಕ್ಕೆ ಎಲ್ಲರೂ ತೋರಿಸುವ ಉದಾಹರಣೆ 2003ರ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಅಂತಿಮ ಹಣಾಹಣಿ. ಲಾಸ್ ವೇಗಸ್‌ನಲ್ಲಿ ಅಕೌಂಟೆಂಟ್ ಕ್ರಿಸ್ ಮನಿಮೇಕರ್, ನುರಿತ ಆಟಗಾರ ಸ್ಯಾಮ್ ಫರ್ಹಾ ಎದುರು ಟರ್ನ್‌ನಲ್ಲಿ ಪಣ ಏರಿಸಿ, ರಿವರ್‌ನಲ್ಲಿ ಇದ್ದದ್ದನ್ನೆಲ್ಲ ಮುಂದೆ ತಳ್ಳಿದರು. ಅವರ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ. ಒಂಬತ್ತರ ಜೋಡಿ ಹಿಡಿದಿದ್ದ ಫರ್ಹಾ ಎಲೆ ಮಡಚಿ ಹಿಂದೆ ಸರಿದರು. ಜನ ನೆನಪಿಟ್ಟುಕೊಂಡದ್ದು ಇಷ್ಟನ್ನೇ. ಆದರೆ ಟರ್ನ್‌ನ ಹೊತ್ತಿಗೆ ಮನಿಮೇಕರ್ ಬಳಿ ಸ್ಪೇಡ್ ರಾಜನೂ ಬೇರೆ ಜಾತಿಯ ಏಳೂ ಇದ್ದವು. ಮೇಜಿನ ಮೇಲೆ ಸ್ಪೇಡ್‌ನ 6, 8, 9. ಫ್ಲಶ್ (ಒಂದೇ ಜಾತಿಯ ಐದು ಎಲೆ) ಅಥವಾ ಸ್ಟ್ರೇಟ್ (ಕ್ರಮವಾಗಿ ಬರುವ ಐದು ಎಲೆ) ಕೂಡಿಸಬಲ್ಲ 15 ಎಲೆಗಳು, ಅವರಿಗೆ ಕಾಣದ 46ರಲ್ಲಿ ಇದ್ದವು. ಅಂದರೆ ಸುಮಾರು ಮೂರರಲ್ಲೊಂದು ಅವಕಾಶ. ಬೇಕಾದ ಎಲೆ ಬರಲಿಲ್ಲ. ಆದರೂ ಮೇಜಿನ ಮೂರು ಸ್ಪೇಡ್ ನೋಡಿದವರಿಗೆ ‘ಇವರಿಗೆ ಫ್ಲಶ್ ಆಗಿದೆ’ ಎಂದು ನಂಬಲು ಕಾರಣವಿತ್ತು.

ತಪ್ಪು ಕಲ್ಪನೆ: ಫ್ಲಾಪ್‌ನಲ್ಲಿ ಶುರು ಮಾಡಿದ ಮೇಲೆ ನಿಲ್ಲಿಸಬಾರದು.

ಸತ್ಯ: ಪಾಟ್‌ಗೆ, ಅಂದರೆ ಮೇಜಿನ ಮೇಲೆ ಕೂಡಿದ ಪಣದ ಮೊತ್ತಕ್ಕೆ, ಹಾಕಿದ ಹಣ ಆಗಲೇ ನಿಮ್ಮ ಕೈಬಿಟ್ಟಿದೆ. ಜೋಡಿಯಲ್ಲದ ಎರಡು ಎಲೆ ಹಿಡಿದವರಿಗೆ ಸುಮಾರು ಮೂರರಲ್ಲಿ ಎರಡು ಸಲ ಫ್ಲಾಪ್‌ನಲ್ಲಿ ಜೋಡಿಯೂ ಕೂಡುವುದಿಲ್ಲ. ಹಾಗಾಗಿ ಮೊದಲ ಪಣಕ್ಕೆ ಹಲವರು ಎಲೆ ಮಡಚುತ್ತಾರೆ. ಉಳಿದವರ ಕೈಯಲ್ಲಿ ಏನೋ ಇದೆ ಎಂದೇ ಅರ್ಥ. 7, 4, 2ರ ನಂತರ ಎಕ್ಕ ಬಿದ್ದರೆ, ಫ್ಲಾಪ್‌ಗೂ ಮೊದಲೇ ಪಣ ಏರಿಸಿದವರ ಮಾತಿಗೆ ಬಲ ಬರುತ್ತದೆ. 5 ಬಿದ್ದರೆ ಆ ಬಲ ಎದುರಾಳಿಗೆ. ಪ್ರತಿ ಎಲೆ ಬಿದ್ದಾಗಲೂ ಹೊಸದಾಗಿ ಯೋಚಿಸಬೇಕು.

ತಪ್ಪು ಕಲ್ಪನೆ: ಬ್ಲಫ್ (ಎಲೆಯಲ್ಲಿ ಬಲವಿಲ್ಲದೆ ಒಡ್ಡುವ ಪಣ) ಬಹುತೇಕ ಸಲ ಫಲಿಸಿದರೆ ಮಾತ್ರ ಲಾಭ.

ಸತ್ಯ: ಪಾಟ್‌ನ ಅರ್ಧದಷ್ಟು ಪಣವಾದರೆ ಮೂರರಲ್ಲಿ ಒಂದು ಸಲ, ಪಾಟ್‌ನಷ್ಟೇ ಪಣವಾದರೆ ಎರಡರಲ್ಲಿ ಒಂದು ಸಲ ಎದುರಾಳಿ ಮಡಚಿದರೆ ಲೆಕ್ಕ ಸಮ. ಅದಕ್ಕಿಂತ ಹೆಚ್ಚಾದದ್ದೆಲ್ಲ ಲಾಭ. ಆದರೆ ಪಾಟ್ ಬೆಳೆಯುವ ವೇಗ ನೆನಪಿರಲಿ: 100 ಇದ್ದ ಪಾಟ್‌ಗೆ ಪ್ರತಿ ಸುತ್ತಿನಲ್ಲೂ ಅದರಷ್ಟೇ ಪಣ ಒಡ್ಡಿ, ಎದುರಾಳಿಯೂ ಸರಿಗಟ್ಟಿದರೆ, ಅದು 300, 900, ಕೊನೆಗೆ 2,700 ಆಗುತ್ತದೆ. ಮೂರು ಸುತ್ತಿನಲ್ಲಿ ನಿಮ್ಮ ಜೇಬಿನಿಂದ ಹೋದದ್ದು 1,300.

ತಪ್ಪು ಕಲ್ಪನೆ: ಸತತ ಪಣವೆಂದರೆ ಬ್ಲಫ್, ಒಳ್ಳೆಯ ಕೈ ಬಂದಾಗ ಸುಮ್ಮನಿರಬೇಕು.

ಸತ್ಯ: ದೊಡ್ಡ ಪಾಟ್ ಕಟ್ಟಬೇಕಾದದ್ದೇ ಒಳ್ಳೆಯ ಕೈ ಇದ್ದಾಗ. ರಿವರ್‌ನಲ್ಲಿ ಪಾಟ್‌ನಷ್ಟು ಪಣ ಒಡ್ಡುವವರು ಎರಡು ಗಟ್ಟಿ ಕೈಗೆ ಒಂದು ಬ್ಲಫ್ ಎಂಬ ಅಳತೆಯಲ್ಲಿ ಆಡಿದರೆ, ಎದುರಾಳಿ ಸರಿಗಟ್ಟಿದರೂ ಮಡಚಿದರೂ ಫಲ ಒಂದೇ. ಗಟ್ಟಿ ಕೈಗಳು ಸಂಪಾದಿಸಿಕೊಟ್ಟ ನಂಬಿಕೆಯ ಮೇಲೆಯೇ ಬ್ಲಫ್ ನಿಲ್ಲುತ್ತದೆ.

2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ 1,20,000 ಕೈಗಳ ಆಟದಲ್ಲಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. ಪಾಟ್‌ಗಿಂತ ಎಷ್ಟೋ ದೊಡ್ಡ ಪಣಗಳನ್ನೂ ಅದು ಒಡ್ಡಿತ್ತು. ಅದಕ್ಕೆ ಭಯವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.