ಬೇರಿಗೂ ಉಸಿರು ಬೇಕು

ಸಂಸ್ಕೃತದಲ್ಲಿ ಗಿಡಮರಗಳಿಗೆ ‘ಪಾದಪ’ ಎಂಬ ಹೆಸರುಂಟು. ಪಾದದಿಂದ, ಅಂದರೆ ಬೇರಿನಿಂದ ಕುಡಿಯುವಂಥದು ಎಂದು ಅದರ ಅರ್ಥ. ನೀರಿಗೆ ‘ಜೀವನ’ ಎಂಬ ಹೆಸರೂ ಉಂಟು. ಮಠದ ಪಾಠಶಾಲೆಯಲ್ಲಿ ಕೋಶವನ್ನು ಬಾಯಿಪಾಠ ಮಾಡುತ್ತಿದ್ದ ದಿನಗಳಲ್ಲಿ ಈ ಎರಡು ಹೆಸರುಗಳನ್ನು ಜೊತೆಯಲ್ಲಿಟ್ಟು ನೋಡಿ ನಾವು ಸಂತೋಷಪಟ್ಟಿದ್ದೆವು. ಕುಡಿಯುವುದು ಗಿಡ, ಅದು ಕುಡಿಯುವುದೇ ಜೀವನ, ಇನ್ನೇನು ಬೇಕು ಎಂದು ಅಂದು ತಿಳಿದಿದ್ದೆವು. ಆ ತಿಳಿವಳಿಕೆಯಲ್ಲಿ ಬಿಟ್ಟುಹೋಗಿದ್ದ ಒಂದು ಪಾಲನ್ನು ಅರವತ್ತು ದಾಟಿದ ಮೇಲೆ ನಮ್ಮ ಮನೆಯ ಮಾಳಿಗೆಯ ಮೇಲಿನ ಬಕೆಟ್ಟೊಂದು ಕಲಿಸಿಕೊಟ್ಟಿತು.

ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿಯೇ ಸೊಪ್ಪು ತರಕಾರಿ ಬೆಳೆಯುವ ಹೈಡ್ರೋಪೋನಿಕ್ಸ್ ಪದ್ಧತಿ ಈಗ ಪಟ್ಟಣಗಳ ಅನೇಕ ಮನೆಗಳಿಗೆ ಬಂದಿದೆ. ಹಿತ್ತಲಿಲ್ಲದ ಮನೆಗಳಿಗೆ ಇದೊಂದು ವರವೇ ಸರಿ. ನಮ್ಮ ಸೊಸೆಯ ಅಪೇಕ್ಷೆಯಂತೆ ನಾವೂ ಧಾರವಾಡದ ಮನೆಯ ಮಾಳಿಗೆಯ ಮೇಲೆ ಇಪ್ಪತ್ತು ಲೀಟರಿನ ಕಪ್ಪು ಬಕೆಟ್ಟಿನಲ್ಲಿ ದ್ರಾವಣ ತುಂಬಿ, ಮುಚ್ಚಳಕ್ಕೆ ರಂಧ್ರ ಕೊರೆದು, ನಾಲ್ಕು ಪಾಲಕ್ ಸಸಿಗಳನ್ನು ಕೂಡಿಸಿದೆವು. ಮಾಘದ ಚಳಿಯಲ್ಲಿ ಅವು ಕಣ್ತುಂಬುವಂತೆ ಬೆಳೆದವು. ಏಪ್ರಿಲ್ ಬಂದೊಡನೆ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋಲತೊಡಗಿದವು. ಕೊರಳುಮಟ್ಟ ನೀರಿನಲ್ಲಿ ನಿಂತ ಗಿಡ ಬಾಯಾರಿದಂತೆ ಬಾಡುವುದನ್ನು ಕಂಡು ನಮಗೆ ಸೋಜಿಗವಾಯಿತು. ಹಸಿವಿರಬೇಕೆಂದು ಪೋಷಕ ದ್ರಾವಣವನ್ನು ಇನ್ನಷ್ಟು ಸುರಿದೆವು. ನೀರು ಸಾಲದೆಂದು ನಿತ್ಯವೂ ಕಂಠದವರೆಗೆ ತುಂಬಿಸಿದೆವು. ವಾರದೊಳಗೆ ನಾಲ್ಕೂ ಸತ್ತವು. ಮುಚ್ಚಳ ಎತ್ತಿದರೆ ಬೆಳ್ಳಗಿರಬೇಕಾದ ಬೇರುಗಳು ಕಂದುಬಣ್ಣಕ್ಕೆ ತಿರುಗಿ, ಲೋಳೆಗಟ್ಟಿ, ಚರಂಡಿಯಂತೆ ನಾರುತ್ತಿದ್ದವು.

ನೆರೆಮನೆಯಲ್ಲಿ ಕೃಷಿ ಓದುವ ಹುಡುಗನೊಬ್ಬನಿದ್ದಾನೆ. ಅವನು ಬಂದು ನೋಡಿ, “ಅಜ್ಜಾರ, ನೀರು ಕೊಟ್ಟೀರಿ, ಗೊಬ್ಬರಾ ಕೊಟ್ಟೀರಿ. ಉಸಿರಾಡಾಕ ಗಾಳಿ ಎಲ್ಲಿ ಕೊಟ್ಟೀರಿ?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ತೋರಿದ ಅಕ್ಕರೆಯೇ ಆ ಗಿಡಗಳ ಉಸಿರು ಕಟ್ಟಿಸಿತ್ತು.

ಬೇರು ಉಸಿರಾಡುವ ಬಗೆ

ಎಲೆಗಳು ಬಿಸಿಲಿನಲ್ಲಿ ಆಮ್ಲಜನಕವನ್ನು ಹೊರಬಿಡುತ್ತವೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕತ್ತಲೆಯಲ್ಲಿರುವ ಬೇರು ನಮ್ಮಂತೆಯೇ ಆಮ್ಲಜನಕವನ್ನು ಒಳಗೆ ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಹೀಗೆ ಉಸಿರಾಡಿ ಪಡೆದ ಶಕ್ತಿಯಿಂದಲೇ ಅದು ಪೋಷಕಾಂಶಗಳನ್ನು ಒಳಗೆಳೆದುಕೊಳ್ಳುವುದು. ಆಮ್ಲಜನಕ ತಪ್ಪಿದರೆ ಸಕ್ಕರೆಯ ಅದೇ ಪ್ರಮಾಣದಿಂದ ಬೇರಿಗೆ ದೊರಕುವ ಶಕ್ತಿ ಬಹಳ ಅಲ್ಪ. ಆಗ ನೀರನ್ನು ಹೀರುವ ಬಲವೂ ಕುಗ್ಗುತ್ತದೆ. ನೀರಿನಲ್ಲಿ ನಿಂತ ಗಿಡ ಬಾಡುವುದರ ಗುಟ್ಟು ಇದು. ಮಳೆ ಹೆಚ್ಚಾಗಿ ಎರೆಹೊಲದಲ್ಲಿ ನೀರು ನಿಂತಾಗ ಬೆಳೆ ಹಳದಿಯಾಗುವುದನ್ನು ನಮ್ಮ ರೈತರು ಬಲ್ಲರು. ಅವರು ಬಸಿಗಾಲುವೆ ತೆಗೆಯುವುದು ನೀರನ್ನು ಹೊರಗೆ ಹಾಕಲು ಮಾತ್ರವಲ್ಲ, ಮಣ್ಣಿನೊಳಗೆ ಗಾಳಿಯನ್ನು ಬರಮಾಡಿಕೊಳ್ಳಲು ಕೂಡ.

ಹಾಗಾದರೆ ಭತ್ತ ನೀರಿನಲ್ಲಿ ನಿಂತು ಹೇಗೆ ಬೆಳೆಯುತ್ತದೆ, ಕೆರೆಯ ತಾವರೆ ಹೇಗೆ ಅರಳುತ್ತದೆ ಎಂದು ಕೆಲವರು ಕೇಳಬಹುದು. ತಾವರೆಯ ದಂಟನ್ನು ಮುರಿದು ನೋಡಿದ ತಾಯಂದಿರಿಗೆ ಅದರೊಳಗಿನ ರಂಧ್ರಗಳು ಪರಿಚಿತ. ಆ ಕೊಳವೆಗಳ ಮೂಲಕ ಮೇಲಿನ ಗಾಳಿ ಕೆಸರಿನೊಳಗಿನ ಗೆಡ್ಡೆಯವರೆಗೂ ಇಳಿಯುತ್ತದೆ. ಭತ್ತದ ಬೇರಿನಲ್ಲಿಯೂ ಅಂತಹ ಗಾಳಿದಾರಿಗಳಿವೆ. ಪಾಲಕ್, ಟೊಮೆಟೊ, ಲೆಟ್ಯೂಸ್ ಮೊದಲಾದವುಗಳಿಗೆ ಪ್ರಕೃತಿ ಅಷ್ಟು ವಿಶಾಲವಾದ ದಾರಿಯನ್ನು ಕೊಟ್ಟಿಲ್ಲ. ಅವುಗಳ ಬೇರು ತನ್ನ ಸುತ್ತಲಿನ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ನಂಬಿಕೊಂಡಿರಬೇಕು.

ಆ ಕರಗಿದ ಆಮ್ಲಜನಕವಾದರೂ ಎಷ್ಟು? ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿದ್ದರೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಹಿಡಿದಿಟ್ಟುಕೊಳ್ಳಬಲ್ಲದ್ದು ಹೆಚ್ಚೆಂದರೆ 9 ಮಿಲಿಗ್ರಾಂ. ಅದೂ ನಿಂತ ನೀರಿನಲ್ಲಿ ಮೇಲಿನಿಂದ ಕೆಳಗಿಳಿಯುವ ವೇಗ ಅತಿ ಮಂದ. ಗಾಳಿಯಲ್ಲಿ ಹರಡುವುದಕ್ಕಿಂತ ಹತ್ತು ಸಾವಿರ ಪಟ್ಟು ನಿಧಾನವಾಗಿ ಆಮ್ಲಜನಕ ನೀರಿನಲ್ಲಿ ಹರಡುತ್ತದೆ. ಬೇರು ಇದ್ದುದನ್ನು ಬಳಸಿ ಮುಗಿಸಿದರೆ ಆ ಕೊರತೆ ತಾನಾಗಿ ಬೇಗನೆ ತುಂಬುವುದಿಲ್ಲ.

ಬೇಸಿಗೆಯ ಎರಡು ಪೆಟ್ಟು

ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6, 35 ಡಿಗ್ರಿಯಲ್ಲಿ 6.9 ಮಿಲಿಗ್ರಾಂ. ಇವು ಸಮುದ್ರಮಟ್ಟದ ಲೆಕ್ಕಗಳು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಂತಹ ಊರಿನಲ್ಲಿ ಇದರಲ್ಲಿಯೂ ಹತ್ತರಲ್ಲೊಂದು ಪಾಲು ಕಡಿತವಾಗುತ್ತದೆ. ಇತ್ತ ಬೇರಿನ ಉಸಿರಾಟವೋ ಉಷ್ಣತೆ ಹತ್ತು ಡಿಗ್ರಿ ಏರಿದರೆ ಸರಿಸುಮಾರು ಇಮ್ಮಡಿಯಾಗುತ್ತದೆ. ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿಯೇ ದಾಸ್ತಾನು ತಗ್ಗುವುದೆಂದರೆ ಇದೇ. ಬಿಸಿಲಿನಲ್ಲಿದ್ದ ನಮ್ಮ ಕಪ್ಪು ಬಕೆಟ್ಟಿನ ನೀರನ್ನು ಅಳೆದಾಗ 33 ಡಿಗ್ರಿ ಇದ್ದಿತು. ಇಂತಹ ಬಿಸಿಯಾದ, ಉಸಿರು ಸತ್ತ ನೀರಿನಲ್ಲಿ ಪಿಥಿಯಂ ಎಂಬ ಬೇರುಕೊಳೆ ರೋಗದ ಜೀವಿ ಬಲಗೊಂಡು ಸೋತ ಬೇರುಗಳ ಮೇಲೆ ಎರಗುತ್ತದೆ.

ನೀರಿನ ಉಸಿರು ಕಟ್ಟಿದರೆ ಏನಾದೀತೆಂಬುದನ್ನು ಬೆಂಗಳೂರಿಗರು ದೊಡ್ಡ ಪ್ರಮಾಣದಲ್ಲಿಯೇ ಕಂಡಿದ್ದಾರೆ. 2016ರ ಮಾರ್ಚ್ ತಿಂಗಳಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಆಮ್ಲಜನಕ ಕುಸಿದದ್ದೇ ಕಾರಣವೆಂದು ಆಗ ವರದಿಯಾಯಿತು. ಕೆರೆಯಲ್ಲಿ ಮೀನಿಗೆ ಬಂದೊದಗಿದ ಗತಿಯೇ ಬಕೆಟ್ಟಿನಲ್ಲಿ ಬೇರಿಗೆ ಬರುತ್ತದೆ. ಮೀನು ತೇಲಿ ಕಾಣಿಸುತ್ತದೆ, ಬೇರು ಮುಚ್ಚಳದ ಕೆಳಗೆ ಕಾಣದೆ ಸಾಯುತ್ತದೆ, ಅಷ್ಟೇ ಅಂತರ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. ಜರ್ಮನಿಯ ಸ್ಯಾಕ್ಸ್ ಮತ್ತು ಕ್ನಾಪ್ ಎಂಬ ವಿಜ್ಞಾನಿಗಳು 1860ರ ದಶಕದಲ್ಲಿಯೇ ಲವಣ ಬೆರೆಸಿದ ನೀರಿನಲ್ಲಿ ಸಸ್ಯಗಳನ್ನು ಬೆಳೆಸಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕ್ ಅವರು ಈ ಪದ್ಧತಿಗೆ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು 1937ರಲ್ಲಿ ಪ್ರಚಾರಕ್ಕೆ ತಂದರು. ಮರುವರ್ಷ ಅದೇ ವಿಶ್ವವಿದ್ಯಾನಿಲಯದ ಹೋಗ್ಲೆಂಡ್ ಮತ್ತು ಆರ್ನನ್ ಅವರು ಜನಸಾಮಾನ್ಯರಿಗಾಗಿ ಹೊರತಂದ ಕೈಪಿಡಿಯು ದ್ರಾವಣದ ಲವಣಗಳ ಜೊತೆಗೆ ಬೇರಿನ ಗಾಳಿಯ ಅವಶ್ಯಕತೆಯನ್ನೂ ವಿವರಿಸಿತು. ಲವಣದ ಪೊಟ್ಟಣಗಳನ್ನು ಕೊಳ್ಳುವ ನಾವು ಗಾಳಿಯ ಮಾತನ್ನು ಮರೆತುಬಿಡುತ್ತೇವೆ.

ಗಾಳಿಯೂಡಿಸುವ ಕ್ರಮ

ಪರಿಹಾರ ಸುಲಭವಾಗಿದೆ. ಮನೆಯಲ್ಲಿ ಬಣ್ಣದ ಮೀನು ಸಾಕುವವರು ಬಳಸುವ ಪುಟ್ಟ ಏರ್ ಪಂಪು, ಒಂದು ರಬ್ಬರಿನ ನಳಿಗೆ, ಅದರ ತುದಿಗೆ ಸಿಕ್ಕಿಸುವ ಏರ್ ಸ್ಟೋನ್ ಎಂಬ ಸಚ್ಛಿದ್ರವಾದ ಕಲ್ಲು, ಇಷ್ಟೇ ಸಾಮಗ್ರಿ. ಇಪ್ಪತ್ತು ಲೀಟರಿನ ಬಕೆಟ್ಟಿಗೆ ನಿಮಿಷಕ್ಕೆ ಎರಡರಿಂದ ನಾಲ್ಕು ಲೀಟರ್ ಗಾಳಿ ಊದುವ ಪಂಪು ಸಾಕು. ಕಲ್ಲನ್ನು ತಳದಲ್ಲಿ, ಬೇರಿನ ನಡುವಿಗೆ ಬರುವಂತೆ ಇಡಬೇಕು. ಗುಳ್ಳೆ ಸಣ್ಣದಾದಷ್ಟೂ ಮೇಲು. ಒಂದು ಗುಳ್ಳೆಯನ್ನು ಅರ್ಧ ವ್ಯಾಸದ ಗುಳ್ಳೆಗಳಾಗಿ ಒಡೆದರೆ ಎಂಟು ಗುಳ್ಳೆಗಳಾಗುತ್ತವೆ, ನೀರಿಗೆ ತಾಗುವ ಅವುಗಳ ಒಟ್ಟು ಮೈ ಎರಡರಷ್ಟಾಗುತ್ತದೆ. ಗುಳ್ಳೆಗಳು ಮೇಲೇರುವಾಗ ತಳದ ನೀರನ್ನು ಮೇಲಕ್ಕೆತ್ತಿ ಮೇಲ್ಮೈಯನ್ನು ಕದಡುತ್ತವೆ. ಆಮ್ಲಜನಕದ ಬಹುಪಾಲು ನೀರಿಗೆ ಸೇರುವುದು ಹೀಗೆ ಕದಡಿದ ಮೇಲ್ಮೈಯಿಂದಲೇ. ತಿಂಗಳಿಗೊಮ್ಮೆ ಕಲ್ಲನ್ನು ವಿನೆಗರಿನಲ್ಲಿ ನೆನೆಸಿ ತೊಳೆದರೆ ಗಡಸುನೀರಿನ ಸುಣ್ಣ ಕಟ್ಟಿದ ರಂಧ್ರಗಳು ಬಿಡಿಸಿಕೊಳ್ಳುತ್ತವೆ.

ಪಂಪು ಹಗಲಿರುಳು ನಡೆಯಬೇಕು, ಏಕೆಂದರೆ ಬೇರಿಗೆ ರಾತ್ರಿಯೂ ಉಸಿರುಂಟು. ವಿದ್ಯುತ್ತಿನ ಖರ್ಚಿಗೆ ಹೆದರಬೇಕಾಗಿಲ್ಲ. ನಾಲ್ಕು ವಾಟಿನ ಪಂಪು ತಿಂಗಳು ಪೂರ್ತಿ ಓಡಿದರೂ ಮೂರು ಯೂನಿಟ್ಟಿನೊಳಗೆ ಮುಗಿಯುತ್ತದೆ. ಪಂಪನ್ನು ಮಾತ್ರ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ, ಮಳೆ ಬಿಸಿಲು ತಾಗದ ಕಡೆ ಇಡತಕ್ಕದ್ದು. ಕೆಳಗಿಟ್ಟರೆ ವಿದ್ಯುತ್ ಹೋದಾಗ ನೀರು ನಳಿಗೆಯಲ್ಲಿ ಹಿಂದಿರುಗಿ ಹರಿದು ಪಂಪಿನೊಳಗೆ ನುಗ್ಗುವ ಅಪಾಯವಿದೆ.

ವಿದ್ಯುತ್ ಬಹಳ ಹೊತ್ತು ಬಾರದಿದ್ದರೆ ಏನು ಮಾಡಬೇಕು? ಒಂದು ಚೊಂಬಿನಿಂದ ದ್ರಾವಣವನ್ನು ಮೊಗೆದು, ಕಾದ ಹಾಲನ್ನು ಆರಿಸುವಂತೆ ಎತ್ತರದಿಂದ ಮತ್ತೆ ಬಕೆಟ್ಟಿಗೆ ಸುರಿಯಬೇಕು. ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ ಹೀಗೆ ಮಾಡಿದರೆ ಗಿಡಕ್ಕೆ ಆಸರೆಯಾಗುತ್ತದೆ. ಬಕೆಟ್ಟನ್ನು ನೆರಳಿಗೆ ಸರಿಸಿ, ಹೊರಮೈಗೆ ಒದ್ದೆ ಗೋಣಿ ಸುತ್ತಿ, ನೀರನ್ನು 25 ಡಿಗ್ರಿಯೊಳಗೆ ಇರಿಸಲು ಯತ್ನಿಸಬೇಕು. ಬಕೆಟ್ಟಿನೊಳಗೆ ಬೆಳಕು ಬೀಳದಂತೆ ನೋಡಿಕೊಳ್ಳುವುದೂ ಮುಖ್ಯ. ಬೆಳಕು ಬಿದ್ದರೆ ಪಾಚಿ ಬೆಳೆದು ರಾತ್ರಿಯಲ್ಲಿ ಬೇರಿನ ಪಾಲಿನ ಆಮ್ಲಜನಕವನ್ನು ತಾನೇ ಕಬಳಿಸುತ್ತದೆ.

ಪಂಪಿನ ಗೊಡವೆಯೇ ಬೇಡವೆನ್ನುವವರಿಗೂ ದಾರಿಯಿದೆ. ಹವಾಯಿ ವಿಶ್ವವಿದ್ಯಾನಿಲಯದ ಬರ್ನಾರ್ಡ್ ಕ್ರಾಟ್ಕಿ ಅವರು ರೂಢಿಗೆ ತಂದ ಕ್ರಮದಲ್ಲಿ ಗಿಡ ನೀರನ್ನು ಕುಡಿದಂತೆ ಮಟ್ಟ ಇಳಿಯಲು ಬಿಡುತ್ತಾರೆ. ಮೇಲೆ ತೆರವಾದ ತೇವದ ಗಾಳಿಯಲ್ಲಿ ಹೊಸ ಬೇರುಗಳು ಮೂಡಿ ಉಸಿರಾಟದ ಹೊಣೆ ಹೊರುತ್ತವೆ, ಕೆಳಗಿನವು ನೀರು ಗೊಬ್ಬರ ಹೀರುತ್ತವೆ. ಇಲ್ಲಿ ಮತ್ತೆ ಕಂಠಪೂರ್ತಿ ನೀರು ತುಂಬಿಸಿದರೆ ಗಾಳಿಯ ಬೇರುಗಳು ಮುಳುಗಿ ಗಿಡ ಕೆಡುತ್ತದೆ. ನಾವು ನಿತ್ಯ ಮಾಡಿದ ತಪ್ಪು ಇದೇ ಆಗಿತ್ತು. ಸೊಪ್ಪಿನ ಜಾತಿಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಬಹುಕಾಲ ನಿಂತು ಹೆಚ್ಚು ನೀರು ಕುಡಿಯುವ ಟೊಮೆಟೊದಂತಹವುಗಳಿಗೆ ಪಂಪೇ ಲೇಸು.

ವಾರಕ್ಕೊಮ್ಮೆ ಮುಚ್ಚಳ ಎತ್ತಿ ಬೇರನ್ನು ನೋಡುವ ಅಭ್ಯಾಸವನ್ನು ಮನೆಯ ಮಕ್ಕಳಿಗೆ ಕಲಿಸಿರಿ. ಬೆಳ್ಳಗಿದ್ದು ಬಿಗಿಯಾಗಿದ್ದರೆ ಆರೋಗ್ಯ. ಕಂದಾಗಿ, ಕೈಗೆ ಲೋಳೆ ಅಂಟಿ, ದುರ್ವಾಸನೆ ಬಂದರೆ ಉಸಿರು ಕಟ್ಟಿದೆಯೆಂದು ತಿಳಿಯಬೇಕು. ಆಗ ಗೊಬ್ಬರ ಸುರಿಯದೆ, ಕೊಳೆತ ಭಾಗವನ್ನು ಕತ್ತರಿಸಿ, ಬಕೆಟ್ಟನ್ನು ತೊಳೆದು, ಹೊಸ ತಂಪು ದ್ರಾವಣ ತುಂಬಿ ಗಾಳಿಯೂಡಿಸಬೇಕು.

ಮರುವರ್ಷದ ಬೇಸಿಗೆಯಲ್ಲಿ ನಾವು ಅದೇ ಬಕೆಟ್ಟಿಗೆ ಬಿಳಿಯ ಬಣ್ಣ ಬಳಿದು, ಮೆಟ್ಟಿಲ ನೆರಳಿಗೆ ತಂದು, ಪಂಪು ಜೋಡಿಸಿ ಪಾಲಕ್ ಇಟ್ಟೆವು. ಏಪ್ರಿಲ್ ಕಳೆದರೂ ಎಲೆ ಜೋಲಲಿಲ್ಲ. ಸೊಸೆ ಮೂರು ಸಲ ಸೊಪ್ಪು ಕೊಯ್ದು ಸಾರು ಮಾಡಿದಳು. ರಾತ್ರಿ ನಿದ್ರೆ ಬಾರದ ಹೊತ್ತಿನಲ್ಲಿ ಆ ಬಕೆಟ್ಟಿನ ಗುಳುಗುಳು ಸದ್ದು ಕಿವಿಗೆ ಬಿದ್ದರೆ ಗಿಡ ಉಸಿರಾಡುತ್ತಿದೆಯೆಂದು ನಮಗೆ ಸಮಾಧಾನ. ಪಾದದಿಂದ ಕುಡಿಯುವುದು ಪಾದದಿಂದಲೇ ಉಸಿರಾಡುತ್ತದೆ ಎಂಬುದನ್ನು ನಾವು ನಾಲ್ಕು ಗಿಡಗಳನ್ನು ಕಳೆದುಕೊಂಡು ಕಲಿತೆವು. ನಮ್ಮ ಓದುಗ ಬಂಧುಗಳು ಒಂದನ್ನೂ ಕಳೆದುಕೊಳ್ಳದೆ ಕಲಿಯಲಿ.