ಮೂಲೆಯಿಂದ ಹುಟ್ಟುವ ಟೋಪಿ

ತಲೆ ದುಂಡಗಿರುವುದರಿಂದ ಟೋಪಿಯನ್ನೂ ದುಂಡಗೇ ಹೆಣೆಯಬೇಕು ಎನ್ನುವುದು ಉಲ್ಲನ್ ಹಿಡಿದವರಲ್ಲಿ ಬೇರೂರಿದ ನಂಬಿಕೆ. ತಲೆಯ ಸುತ್ತಳತೆಗೆ ಕುಣಿಕೆ ಹಾಕಿಕೊಂಡು, ಕೊಳವೆಯಂತೆ ಮೇಲೆ ಹೋಗಿ, ನೆತ್ತಿಯ ಹತ್ತಿರ ಕುಣಿಕೆ ಇಳಿಸುತ್ತ ಮುಚ್ಚಿಬಿಡುವುದು ರೂಢಿ. ಚೌಕ, ತ್ರಿಕೋನ, ಓರೆಪಟ್ಟಿಗಳನ್ನು ಕೂಡಿಸಿ ಟೋಪಿ ಕಟ್ಟುವ ಇನ್ನೊಂದು ದಾರಿಯೂ ಇದೆ. ಅದನ್ನು ಹೊರನಾಡಿನ ಚಮತ್ಕಾರವೆಂದು ಬದಿಗಿಡುವವರು ಬೆಳಗೊಳ, ಪಾಂಡವಪುರದ ಗದ್ದೆ ಬಯಲನ್ನು ಗಮನಿಸಬೇಕು. ಸೋನೆ ಮಳೆಯಲ್ಲಿ ನಾಟಿ ಹಾಕುವವರ ತಲೆಯ ಮೇಲಿನ ಗೋಣಿಕೊಪ್ಪೆ ನಿಂತಿರುವುದು ಇದೇ ಲೆಕ್ಕದ ಮೇಲೆ.

ಕೊಪ್ಪೆ ಮಾಡುವುದಕ್ಕೆ ಕತ್ತರಿಯೂ ಬೇಡ, ಸೂಜಿಯೂ ಬೇಡ. ಖಾಲಿ ಗೋಣಿಚೀಲದ ತಳದ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಇನ್ನೊಂದು ಮೂಲೆಯೊಳಗೆ ಕೂರಿಸಿದರೆ ಮುಗಿಯಿತು. ತಲೆಯ ಮೇಲೆ ಚೂಪು ಗೋಪುರ, ಬೆನ್ನ ಮೇಲೆ ಇಳಿಬಿದ್ದ ಹೊದಿಕೆ, ಎರಡು ಪಟ್ಟು ದಪ್ಪ. ಚಪ್ಪಟೆ ಚೀಲಕ್ಕೆ ತಲೆಯ ಆಕಾರ ಬಂದದ್ದು ಹೇಗೆ? ಹರಡಿದ ಬಟ್ಟೆಯ ನಡುವೆ ಎಲ್ಲಿ ಚುಕ್ಕಿ ಇಟ್ಟರೂ ಅದರ ಸುತ್ತ 360 ಡಿಗ್ರಿ ಕೋನವಿರುತ್ತದೆ. ಚೀಲದ ಮೂಲೆಯಲ್ಲಾದರೋ ಎರಡು ಪದರದ ತಲಾ 90 ಸೇರಿ ಬರೀ 180. ಆ ಕೊರತೆಯೇ ಬಟ್ಟೆಯನ್ನು ಶಂಕುವಾಗಿ ಎಬ್ಬಿಸುತ್ತದೆ. 180 ಡಿಗ್ರಿಯ ಶಂಕುವಿನಲ್ಲಿ ಬುಡದ ವ್ಯಾಸವೂ ತುದಿಯಿಂದ ಬುಡಕ್ಕಿಳಿಯುವ ಓರೆಯ ಉದ್ದವೂ ಸಮ. 56 ಸೆಂಟಿಮೀಟರ್ ಸುತ್ತಳತೆಯ ತಲೆಗೆ ತುದಿಯಿಂದ ಸುಮಾರು 18 ಸೆಂಟಿಮೀಟರ್ ಕೆಳಗೆ ಅದು ಬಂದು ಕೂರುತ್ತದೆ. ನಾಗಮಂಗಲ, ಕೆ.ಆರ್. ಪೇಟೆಯ ಕಡೆ ಕುರಿ ಮೇಯಿಸುವವರ ಕಂಬಳಿಯನ್ನೂ ನೋಡಿ. ಅದಕ್ಕೆ ಚೀಲದಂಥ ಮೂಲೆಯಿಲ್ಲ. ಆದರೆ ಅಂಚಿನ ನಟ್ಟನಡುವೆ ಇರುವ ಕೋನವೂ 180 ಡಿಗ್ರಿಯೇ. ಅಂಚಿನ ಎರಡು ಅರ್ಧಗಳನ್ನು ಒಂದಕ್ಕೊಂದು ಕೂಡಿಸಿ ಹಿಡಿದರೆ ಅದೇ ಶಂಕು ಮತ್ತೆ ಎದ್ದು ನಿಲ್ಲುತ್ತದೆ. ಸೆಣಬು ಬೇರೆ, ಉಣ್ಣೆ ಬೇರೆ. ಕೈ ಕಂಡುಕೊಂಡ ಲೆಕ್ಕ ಮಾತ್ರ ಒಂದೇ. ಇದನ್ನು ಜಾಣ್ಮೆಯೆಂದು ನಾವು ಇನ್ನೂ ಸರಿಯಾಗಿ ಗೌರವಿಸಿಲ್ಲ ಎನ್ನುವುದು ನನ್ನ ಕೊರಗು.

ಹೆಣಿಗೆಗೆ ಈ ಲೆಕ್ಕ ನೇರವಾಗಿ ಒದಗುತ್ತದೆ. ಒಂದು ಉದ್ದ ಪಟ್ಟಿ ಹೆಣೆದು, ನಡುವೆ ಮಡಚಿ, ಒಂದು ಬದಿಯನ್ನು ಹೊಲಿದರೆ ಮಗುವಿನ ಚೂಪು ಕುಲಾವಿ ಸಿದ್ಧ. ಅದು ಕಂಬಳಿಕೊಪ್ಪೆಯ ತಂಗಿ. ನೆತ್ತಿ ಅಷ್ಟು ಚೂಪಾಗುವುದು ಬೇಡವೆಂದರೆ ಮೂರು ಚೌಕಗಳ ಮೂಲೆಗಳನ್ನು ಒಂದೇ ಬಿಂದುವಿನಲ್ಲಿ ಸೇರಿಸಬೇಕು. ಆಗ ಕೋನ 270 ಡಿಗ್ರಿ, ಏರು ಕಡಿಮೆ. 13 ಸೆಂಟಿಮೀಟರಿನ ಚೌಕವಾದರೆ ಮೂರು ಕರ್ಣಗಳು ಸೇರಿ ಸುತ್ತಳತೆ 55 ಸೆಂಟಿಮೀಟರ್. ಜೋತುಬಿದ್ದ ಮೂಲೆಗಳಲ್ಲಿ ಎರಡು ಕಿವಿಯ ಕಡೆಗೆ, ಒಂದು ಕತ್ತಿನ ಮೇಲೆ. ಚೌಕ ಹೆಣೆಯುವುದೂ ಸುಲಭ: ಎರಡು ಬದಿಯ ಕುಣಿಕೆಗಳನ್ನು ಒಟ್ಟಿಗೇ ಕಡ್ಡಿಗೆ ಹಾಕಿ, ಸಾಲು ಬಿಟ್ಟು ಸಾಲಿಗೆ ನಟ್ಟನಡುವೆ ಎರಡೆರಡು ಕುಣಿಕೆ ಇಳಿಸುತ್ತ ಹೋಗುವುದು. ಎರಡೂ ಮಗ್ಗುಲಿನಿಂದ ಸೀದಾ ಹೆಣೆದ ಬಟ್ಟೆಯಲ್ಲಿ ಎರಡು ಸಾಲಿನ ಎತ್ತರ ಹೆಚ್ಚುಕಡಿಮೆ ಒಂದು ಕುಣಿಕೆಯ ಅಗಲಕ್ಕೆ ಸಮನಾದ್ದರಿಂದ ಚೌಕ ತಾನಾಗಿಯೇ ಚೌಕವಾಗುತ್ತದೆ. ನಾಲ್ಕು ಚೌಕ ಕೂಡಿದರೆ ಬಟ್ಟೆ ಮತ್ತೆ ಚಪ್ಪಟೆ. ಐದಾದರೆ 450 ಡಿಗ್ರಿ, ಅಂಚು ನಿರಿಗೆ ನಿರಿಗೆಯಾಗಿ ಏಳುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಇಂಥ ನಿರಿಗೆಯ ಹೈಪರ್ಬಾಲಿಕ್ ಮೇಲ್ಮೈಯನ್ನು 1997ರಲ್ಲಿ ಕ್ರೋಷಾದಲ್ಲಿ ಮಾಡಿ ವಿದ್ಯಾರ್ಥಿಗಳ ಕೈಗಿತ್ತರು.

ಗೋಣಿಕೊಪ್ಪೆ ಬಡತನದ ಗುರುತು, ಅದನ್ನು ಕಸುಬಿನ ಸಾಲಿಗೆ ಏರಿಸುವುದು ಬಡತನವನ್ನೇ ಹೊಗಳಿದಂತೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ತೂಕವಿದೆ. ನೆನೆದ ಗೋಣಿ ಭಾರ, ಹೊದ್ದವರ ಬೆನ್ನಿಗೆ ಚಳಿ. ಪ್ಲಾಸ್ಟಿಕ್ ಗೊಬ್ಬರದ ಚೀಲ ಸಿಕ್ಕ ಕೂಡಲೇ ರೈತರು ಗೋಣಿಯನ್ನು ಬಿಟ್ಟರೆ ಅದು ನ್ಯಾಯವೇ. ಆದರೆ ಹಾಗೆ ಬಂದ ಪ್ಲಾಸ್ಟಿಕ್ ಚೀಲವನ್ನೂ ಕೊಪ್ಪೆಯಾಗಿಯೇ ಮಡಚಿದರಲ್ಲ! ವಸ್ತುವನ್ನು ಕೊಟ್ಟದ್ದು ಬಡತನ, ಮಡಿಕೆಯನ್ನು ಕಂಡುಕೊಂಡದ್ದು ಬುದ್ಧಿ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮಡಿಸಿ, ಹೊಲಿದು ಮುಟ್ಟಾಳೆ ಟೋಪಿ ಮಾಡುವ ತುಳುನಾಡಿನವರ ಕೆಲಸವೂ ಇಂಥದ್ದೇ. ಉದ್ದನೆಯ ಪಟ್ಟಿಯನ್ನು ಸುತ್ತಿಯೇ ರೂಪ ಕೊಡುವ ಮೈಸೂರು ಪೇಟವನ್ನು ಕಲೆ ಎನ್ನುವವರು ಕೊಪ್ಪೆಗೆ ಆ ಮಾತನ್ನು ತಪ್ಪಿಸುವುದು ಹೊದ್ದವರ ಅಂತಸ್ತನ್ನು ನೋಡಿ, ಕೆಲಸವನ್ನು ನೋಡಿಯಲ್ಲ.

ಮೂಲೆಯ ಟೋಪಿ ದುಂಡು ತಲೆಗೆ ಸರಿಯಾಗಿ ಕೂರುವುದಿಲ್ಲ ಎಂಬ ಇನ್ನೊಂದು ಮಾತು ಗೋಣಿಯ ಮಟ್ಟಿಗೆ ನಿಜ. ಹೆಣಿಗೆಯ ಬಟ್ಟೆ ಹಿಗ್ಗುತ್ತದೆ, ಹಾಗಾಗಿ ಚೌಕದ ಅಂಚುಗಳು ತಲೆಯ ಮೇಲೆ ಮೆತ್ತಗಾಗುತ್ತವೆ. ಮೇಲಾಗಿ ದುಂಡು ಟೋಪಿಯಲ್ಲಿ ಕುಣಿಕೆ ಇಳಿಸುವುದೂ ನೆತ್ತಿಯ ಸುತ್ತಲಿನ ಕೋನವನ್ನು ಕಡಿಮೆ ಮಾಡುವ ಕೆಲಸವೇ. ಅಲ್ಲಿ ಆ ಕಡಿತ ಸಾಲುಸಾಲಾಗಿ ಹರಡಿ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಒಂದೇ ಬಿಂದುವಿನಲ್ಲಿ ಎದ್ದು ಕಾಣುತ್ತದೆ. ಕಲಿಯುವವರಿಗೆ ಬೇಕಾದ್ದು ಹೀಗೆ ಕಾಣುವ ಲೆಕ್ಕ. ಬೆಳಗೊಳದ ಸುತ್ತಿನ ಶಾಲೆಗಳಲ್ಲಿ ಹೆಣಿಗೆ ಕಲಿಸುವವರು ಮೊದಲ ಪಾಠಕ್ಕೆ ಒಂದು ಗೋಣಿಚೀಲ ತಂದು ಮಡಚಿ ತೋರಿಸಲಿ. ಉಲ್ಲನ್ನೂ ಕಡ್ಡಿಯೂ ಎರಡನೇ ಪಾಠಕ್ಕೆ ಬಂದರೆ ಸಾಕು.